ಐಸ್ ಗಾಡಿಗೆ ಎರಡು ಫ್ಯಾನು

ಬುರುಡೆ ಸಾಹುಕಾರನ ಐಸ್ ವ್ಯಾನಿನ ಫ್ಯಾನು ಒಮ್ಮೆ ತಿರುಗತೊಡಗಿತೆಂದರೆ ಮೂರು ಬೀದಿ ಆಚೆ ಹಗ್ಗದ ಮೇಲಿದ್ದ ಬಟ್ಟೆಗಳು ಕಣ್ಣು ಮಿಟುಕಿಸುವುದರೊಳಗೆ ಒಣಗಿ, ತಾವೇ ಮಡಿಚಿಕೊಂಡು, ಸಾಲಾಗಿ ಬೀರುವಿನೊಳಗೆ ಹೋಗಿ ಕೂರುತ್ತಿದ್ದವು. ಒಂದು ಸಲ ಆ ಗಾಳಿಗೆ ಸಿಕ್ಕ ಪೋಸ್ಟ್‌ಮ್ಯಾನ್ ಸೈಕಲ್ ಸಮೇತ ಹಾರಿ ಪಕ್ಕದ ಊರಿನಲ್ಲಿ ಇಳಿದನಂತೆ. ಹೇಗೂ ಬಂದದ್ದಾಯಿತಲ್ಲ ಎಂದು ಅಲ್ಲಿನ ಟಪಾಲನ್ನೂ ಹಂಚಿ ಸಂಜೆ ಬಸ್ಸಿನಲ್ಲಿ ವಾಪಸು ಬಂದನಂತೆ. ನಂಬಿಕೆ ಬರದಿದ್ದರೆ ಸಾಹುಕಾರನನ್ನೇ ಕೇಳಬಹುದು. ಬಸ್ಸಿನ ಟಿಕೆಟ್ ತೆಗೆಸಿಕೊಟ್ಟವನೂ ತಾನೇ ಎನ್ನುತ್ತಾನೆ.

ಸಾಹುಕಾರ ಎಂದರೆ ದುಡ್ಡಿನ ಸಾಹುಕಾರನಲ್ಲ. ಇದ್ದದ್ದು ಎರಡು ಕೋಣೆಯ ಮನೆ, ಅದರ ಮುಂದೆ ಮೂಗು ಚಾಚಿ ನಿಂತ ಒಂದು ಮುದಿ ವ್ಯಾನು. ಮಾತಿನ ಆಸ್ತಿ ಮಾತ್ರ ಏಳು ತಲೆಮಾರು ಕೂತು ತಿಂದರೂ ಕರಗುವಂಥದ್ದಲ್ಲ. ಮೀನು ಮಾರುಕಟ್ಟೆಯ ಹೆಂಗಸರು ಎದುರಿಗೆ ‘ಸಾಹುಕಾರ’ ಎನ್ನುತ್ತಿದ್ದರು, ಬೆನ್ನು ತಿರುಗಿಸಿದ ಮೇಲೆ ‘ಬುರುಡೆ’ ಸೇರಿಸುತ್ತಿದ್ದರು. ಅವನಿಗೆ ಎದುರಿನದೂ ಗೊತ್ತಿತ್ತು, ಬೆನ್ನ ಹಿಂದಿನದೂ ಗೊತ್ತಿತ್ತು, ಎರಡರ ಬಗ್ಗೆಯೂ ಹೆಮ್ಮೆಯಿತ್ತು.

ಅವನ ಕೆಲಸ ಊರ ಹೊರಗಿನ ಐಸ್ ಫ್ಯಾಕ್ಟರಿಯಿಂದ ದಿನಾ ಬೆಳಿಗ್ಗೆ ಗಡ್ಡೆ ತುಂಬಿಕೊಂಡು ಮೀನು ಮಾರುಕಟ್ಟೆಗೆ ಮುಟ್ಟಿಸುವುದು. ಗಡ್ಡೆಗಳಿಗೆ ಮರದ ಹೊಟ್ಟು ಸುರಿದು, ಮೇಲೆ ಒದ್ದೆ ಗೋಣಿ ಹೊದಿಸಿ, ಮಗುವನ್ನು ಮಲಗಿಸಿದಂತೆ ಮಲಗಿಸಿ ಹೊರಡುತ್ತಿದ್ದ. ಹೆದ್ದಾರಿಯಲ್ಲಿ ತೊಂದರೆಯಿರಲಿಲ್ಲ. ತೊಂದರೆಯೆಲ್ಲ ಮಾರುಕಟ್ಟೆಯ ಬೀದಿಯಲ್ಲಿ. ಅಲ್ಲಿ ಕೈಗಾಡಿ, ಬುಟ್ಟಿ, ಬೆಕ್ಕು, ಜಗಳ ಎಲ್ಲವೂ ನಡುರಸ್ತೆಯಲ್ಲೇ. ವ್ಯಾನು ಆಮೆಯಂತೆ ತೆವಳಬೇಕು. ಎಂಜಿನ್ ನಿಧಾನವಾದರೆ ಅದಕ್ಕೆ ಬೆಲ್ಟಿನಿಂದ ಕಟ್ಟಿಹಾಕಿದ ಫ್ಯಾನೂ ನಿಧಾನ. ಗಾಳಿ ಬೇಕೇ ಬೇಕೆನ್ನುವ ಹೊತ್ತಿಗೆ ಸರಿಯಾಗಿ ಅದು ತೂಕಡಿಸುತ್ತಿತ್ತು. ಬೆನ್ನ ಮೇಲೆ ಹಿಮದ ಬೆಟ್ಟ ಹೊತ್ತ ವ್ಯಾನು ಹೊಟ್ಟೆಯಲ್ಲಿ ಕೊತಕೊತ ಕುದಿಯುತ್ತಿತ್ತು. ಬಿಸಿ ತೋರಿಸುವ ಮುಳ್ಳು ಯಾವ ಕಾಲದಲ್ಲೋ ಸತ್ತಿತ್ತು.

ಇದಕ್ಕೆ ಸಾಹುಕಾರ ಒಂದು ಮದ್ದು ಕಂಡುಹಿಡಿದಿದ್ದ. ಗಡ್ಡೆಯಿಂದ ಒಂದು ತುಂಡು ಒಡೆದು, ಗೋಣಿಯಲ್ಲಿ ಸುತ್ತಿ, ಬಾನೆಟ್ ಎತ್ತಿ ರೇಡಿಯೇಟರಿನ ನೆತ್ತಿಯ ಮೇಲೆ ಇಡುವುದು. ಜ್ವರ ಬಂದವರ ಹಣೆಗೆ ಒದ್ದೆ ಬಟ್ಟೆ ಹಾಕಿದ ಹಾಗೆ. ಇದರಿಂದ ವ್ಯಾನು ಒಂದು ಬೀದಿ ಹೆಚ್ಚು ಓಡುತ್ತಿತ್ತು. ಅವನ ಮಾತಿನಲ್ಲಿ ಅದು ಒಂದು ಖಂಡವನ್ನೇ ದಾಟುವಷ್ಟು ದೂರ.

ಆ ಫ್ಯಾನಿನ ಸದ್ದಿನ ಬಗ್ಗೆ ಹೇಳುವಾಗ ಮಾತ್ರ ಬುರುಡೆ ಬೇಕಾಗಿರಲಿಲ್ಲ. ವ್ಯಾನಿನೊಳಗೆ ಕೂತವರು ಗಂಟಲು ಹರಿಯುವಂತೆ ಕೂಗಿದರಷ್ಟೇ ಪಕ್ಕದವರಿಗೆ ಮಾತು ಮುಟ್ಟುತ್ತಿತ್ತು. ಮಂಡಿ ನೋವು ಬರುವ ತನಕ ಅವನ ಹೆಂಡತಿಯೂ ಐಸ್ ಇಳಿಸಲು ದಿನಾ ಜೊತೆಯಲ್ಲಿ ಹೋಗುತ್ತಿದ್ದವಳು. ಆ ಕೂಗು ಅವಳ ಗಂಟಲಿನಲ್ಲೇ ಮನೆ ಮಾಡಿಕೊಂಡಿತು. ಅವಳು ಅಡುಗೆಮನೆಯಲ್ಲಿ “ಈರುಳ್ಳಿ ಮುಗೀತು” ಎಂದರೆ ನಾಲ್ಕು ಮನೆಯವರು ತಮ್ಮ ಬುಟ್ಟಿಯನ್ನೂ ಒಮ್ಮೆ ನೋಡಿಕೊಳ್ಳುತ್ತಿದ್ದರು.

ಇಂಥ ಮನೆಗೆ ಬಂದ ಸೊಸೆಯದು ಹತ್ತಿಯಂಥ ದನಿ. ಮೋಟಾರು ರಿಪೇರಿ ಅಂಗಡಿಯಲ್ಲಿ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು ಅವಳ ಕೆಲಸ. ಪಂಪು, ಗಿರಣಿ, ಮೇಜಿನ ಫ್ಯಾನು, ಯಾವುದು ಸತ್ತು ಬಂದರೂ ಅವಳ ಕೈಯಿಂದ ಎದ್ದು ಹೋಗುತ್ತಿತ್ತು. ರಿಪೇರಿಯಾದದ್ದನ್ನು ಅಂಗಡಿಯ ಗಾಡಿಯಲ್ಲಿ ಹಾಕಿಕೊಂಡು ತಾನೇ ಓಡಿಸಿಕೊಂಡು ಹೋಗಿ ಕೊಟ್ಟುಬರುತ್ತಿದ್ದಳು. ಬಾಯಿ ಸಣ್ಣದಲ್ಲ, ದನಿಯಷ್ಟೇ ಸಣ್ಣದು. ಅವಳಿಗೆ ಮನೆಯಲ್ಲಿ ಇದ್ದದ್ದು ಒಂದೇ ಕೊರಗು.

“ನಿಮ್ಮಪ್ಪ ನನ್ನ ಮಾತಿಗೆ ಒಂದಿನಾನೂ ನೆಟ್ಟಗೆ ಉತ್ತರ ಕೊಟ್ಟಿಲ್ಲ,” ಎಂದು ಗಂಡನಿಗೆ ಹೇಳುತ್ತಿದ್ದಳು. “ನಾನೇನು ಗೋಡೆ ಮೇಲಿನ ಕ್ಯಾಲೆಂಡರ್ರಾ?”

“ಅಪ್ಪ ಯಾರ ಮಾತು ಕೇಳ್ತಾರೆ ಹೇಳು.”

“ಅತ್ತೆ ಮಾತು ಕೇಳ್ತಾರಲ್ಲ!”

ಗಂಡ ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೊರಡುತ್ತಿದ್ದ.

ಜಗಳ ಶುರುವಾದದ್ದು ಒಂದು ದಿನ ಊಟಕ್ಕೆ ಕೂತಾಗ. ಮಗ ಅದೇ ಐಸ್ ಫ್ಯಾಕ್ಟರಿಯಲ್ಲಿ ಯಂತ್ರ ನೋಡಿಕೊಳ್ಳುವವನು. ಆ ದಿನ ಮುಖ ಊದಿಸಿಕೊಂಡೇ ಬಂದಿದ್ದ.

“ಅಪ್ಪಾ, ಇವತ್ತೂ ಕುದಿಸಿದ್ಯಂತೆ!” ಎಂದು ಕೂಗಿದ. ಸೊಸೆಯೊಬ್ಬಳನ್ನು ಬಿಟ್ಟರೆ ಆ ಮನೆಯಲ್ಲಿ ಎಲ್ಲರೂ ಕೂಗುವವರೇ.

“ಕುದೀತು ಅಂದ್ರೆ ಅದೇನು ಹಾಲು ಕುದಿಯೋ ಹಾಗೆ ಕುದಿಯೋದಾ?” ಸಾಹುಕಾರ ತಟ್ಟೆಯಿಂದ ತಲೆಯೆತ್ತಿದ. “ಆ ಹಬೆ ನೋಡಿ ಮೇಲೆ ಹೋಗ್ತಿದ್ದ ವಿಮಾನದೋರು ಮೋಡ ಅಂದ್ಕೊಂಡು ದಾರಿ ಬದಲಾಯಿಸಿದ್ರು.”

“ವಿಮಾನ ಹಾಳಾಗ್ಲಿ. ದೊಡ್ಡಕ್ಕ ಫ್ಯಾಕ್ಟರಿಗೇ ಬಂದು ಮ್ಯಾನೇಜರ್ ಮುಂದೆ ರಂಪ ಮಾಡಿದ್ಲು. ಐಸ್ ಕೇಳಿದ್ರೆ ನಿಮ್ಮೋನು ತಣ್ಣೀರು ತಂದು ಸುರೀತಾನೆ, ಮೀನಿಗೆ ಈಜು ಕಲಿಸೋ ಹಾಗಿದ್ರೆ ನಾನು ಅದನ್ನ ಸಮುದ್ರದಲ್ಲೇ ಬಿಡ್ತಿದ್ನಲ್ಲ ಅಂತ!”

ದೊಡ್ಡಕ್ಕ ಎಂದರೆ ಮಾರುಕಟ್ಟೆಯ ಅತಿ ದೊಡ್ಡ ಮೀನಿನ ಕಟ್ಟೆಯ ಒಡತಿ. ಅವಳು ಎಲ್ಲಿಂದ ಐಸ್ ಕೊಳ್ಳುತ್ತಾಳೋ ಉಳಿದ ಹೆಂಗಸರೂ ಅಲ್ಲಿಂದಲೇ ಕೊಳ್ಳುತ್ತಿದ್ದರು.

“ಮ್ಯಾನೇಜರ್ ಏನಂದ್ರು ಗೊತ್ತಾ? ಇನ್ನು ಹೀಗಾದ್ರೆ ಫ್ಯಾಕ್ಟರಿಯೋರೇ ಸ್ವಂತ ಗಾಡಿ ಇಟ್ಕೋತಾರಂತೆ. ನಿನ್ನ ವ್ಯಾನು ಗುಜರಿಗೆ, ನೀನು ಮನೆಗೆ.”

“ಮನೇಲಿ ಕೂರಿಸ್ಕೊಂಡು ಇವರನ್ನ ನಾನೇನ್ ಮಾಡ್ಲಿ?” ಅಡುಗೆಮನೆಯಿಂದ ಹೆಂಡತಿಯ ಕೂಗು. “ದಿನಕ್ಕೆ ನೂರು ಪೋಸ್ಟ್‌ಮ್ಯಾನ್‌ಗಳನ್ನ ಹಾರಿಸ್ತಾರೆ!”

ಸೊಸೆ ಮಾವನ ತಟ್ಟೆಗೆ ಅನ್ನ ಬಡಿಸುತ್ತ, ತನ್ನ ಮಾಮೂಲಿ ದನಿಯಲ್ಲಿ ಹೇಳಿದಳು: “ಮಾವ, ಆ ಫ್ಯಾನು ಬಿಚ್ಚಿಹಾಕಿ ಕರೆಂಟ್ ಫ್ಯಾನ್ ಕೂರಿಸಿದ್ರೆ ಕುದಿಯೋದು ನಿಂತೋಗುತ್ತೆ.”

“ಸಾಕಮ್ಮ, ಹೊಟ್ಟೆ ತುಂಬಿದೆ,” ಎಂದ ಸಾಹುಕಾರ.

ಮಗನ ಕೈ ತಟ್ಟೆಯಲ್ಲೇ ನಿಂತಿತು. ಸೊಸೆ ಸೌಟು ಕೆಳಗಿಟ್ಟು ಗಂಡನ ಮುಖ ನೋಡಿದಳು, ನೋಡಿದ್ರಾ ಎನ್ನುವ ಹಾಗೆ.

“ಕರೆಂಟ್ ಫ್ಯಾನ್ ಹಾಕೋಣ ಅಂತಿದಾಳೆ ರೀ!” ಎಂದು ಅತ್ತೆ ಬಾಗಿಲಲ್ಲಿ ನಿಂತು, ಸೊಸೆ ತನಗೆ ಮೊದಲೇ ಹೇಳಿದ್ದನ್ನೂ ಸೇರಿಸಿ ಕೂಗಿದಳು. “ಎಂಜಿನ್ ನಿಧಾನ ಆದ್ರೂ ಅದು ಜೋರಾಗೇ ತಿರುಗುತ್ತಂತೆ. ನೀರು ಬಿಸಿ ಆದ್ರೆ ತಾನೇ ಹತ್ಕೊಳ್ಳುತ್ತೆ, ತಣ್ಣಗಾದ್ರೆ ತಾನೇ ಆರುತ್ತೆ. ಬಾಕಿ ಹೊತ್ತು ಸದ್ದೇ ಇರಲ್ವಂತೆ!”

ಸಾಹುಕಾರ ಅಗಿಯುವುದನ್ನು ನಿಲ್ಲಿಸಿದ. “ಸದ್ದೇ ಇರಲ್ವಾ?”

“ಇರಲ್ವಂತೆ!”

“ಸದ್ದಿಲ್ದೇ ಇರೋದು ಗಾಡಿನಾ? ಅದು ಶವಪೆಟ್ಟಿಗೆ. ನನ್ನ ಫ್ಯಾನಿಗೆ ಕೈ ಹಚ್ಚಿದ್ರೆ ನೋಡಿ ಮತ್ತೆ,” ಎಂದು ಎದ್ದು ಕೈ ತೊಳೆಯಲು ಹೋದ.

ಸೊಸೆ ಬಿಡುವವಳಲ್ಲ. ಮುಂದಿನ ವಾರ ಗುಜರಿಗೆ ಬಂದ ಕಾರೊಂದರ ಎರಡು ಫ್ಯಾನುಗಳು ಗೋಣಿಚೀಲದಲ್ಲಿ ಮನೆಗೆ ಬಂದವು. ಒಂದರ ಮೋಟಾರು ಸುಟ್ಟಿತ್ತು. ಅದನ್ನು ಬಿಚ್ಚಿ, ಊಟದ ಮೇಜಿನ ಮೇಲೆಯೇ ಹಳೆ ತಂತಿ ಕಿತ್ತು, ಹೊಸದು ಸುತ್ತತೊಡಗಿದಳು. ಅವಳ ಬೆರಳುಗಳ ವೇಗ ಕಂಡು ಗೋಡೆಯ ಗಡಿಯಾರ ನಾಚಿಕೊಂಡು ನಿಂತೇ ಹೋಯಿತು. ಅದರ ಬ್ಯಾಟರಿ ಮುಗಿದಿತ್ತು ಎನ್ನುವವರು ಎನ್ನಲಿ. ಅತ್ತೆ ಸೊಪ್ಪು ಬಿಡಿಸುತ್ತ ಎದುರು ಕೂತು ನೋಡಿದ್ದೇ ನೋಡಿದ್ದು.

“ಕಣ್ಣು ಮುಚ್ಕೊಂಡೂ ಸುತ್ತಬಲ್ಲೆ ಅನ್ಸುತ್ತೆ ನೀನು!”

“ಕಣ್ಣು ಬಿಟ್ಕೊಂಡು ಸುತ್ತಿದ್ರೇ ಮಾವನಿಗೆ ಹಿಡಿಸ್ತಿಲ್ಲ ಅತ್ತೆ.”

“ಅವರಿಗೆ ಹಿಡಿಸೋದು ಅವರ ಮಾತು ಮಾತ್ರ. ನೀನು ಸುತ್ತು.”

ಕೆಲಸ ಮುಗಿದ ಮೇಲೆ ಬ್ಯಾಟರಿಗೆ ಹಚ್ಚಿ ನೋಡಿದರು. ಬಿಡಿಸಿಟ್ಟ ಸೊಪ್ಪೆಲ್ಲ ಎದ್ದು ಗೋಡೆಗೆ ಅಂಟಿತು, ಈರುಳ್ಳಿ ಸಿಪ್ಪೆ ಪಕ್ಕದ ಕೋಣೆಯಲ್ಲಿ ಮಲಗಿದ್ದ ಸಾಹುಕಾರನ ಮೇಲೆ ಹೂಮಳೆಗರೆಯಿತು. ಇಂಥದ್ದನ್ನು ಬಣ್ಣಿಸಲು ಕಾಯುವ ಮನುಷ್ಯ ಆ ದಿನ ಸಿಪ್ಪೆ ಕೊಡವಿಕೊಂಡು, ಗೋಡೆಯ ಕಡೆ ತಿರುಗಿ ಮಲಗಿದ.

ಆದರೆ ವ್ಯಾನಿಗೆ ಅವನ ಹಟ ಅರ್ಥವಾಗಬೇಕಲ್ಲ. ಕೆಲವೇ ದಿನಗಳಲ್ಲಿ ಮಾರುಕಟ್ಟೆ ಬೀದಿಯಲ್ಲಿ ಒಂದು ಕೈಗಾಡಿ ಮಗುಚಿ, ಎಲ್ಲ ವಾಹನಗಳೂ ಬಿಸಿಲಲ್ಲಿ ನಿಂತವು. ವ್ಯಾನು ಕುದಿಯಿತು. ಗೋಣಿಯ ಮದ್ದು ನಾಟಲಿಲ್ಲ. ಎಂಜಿನ್ ಆರುವ ತನಕ ಸಾಹುಕಾರ ವ್ಯಾನಿನ ಮೆಟ್ಟಿಲ ಮೇಲೆ ಕೂತು, ತನ್ನ ಐಸು ತೊಟ್ಟಿಕ್ಕಿ, ಹರಿದು, ಚರಂಡಿ ಸೇರುವುದನ್ನು ನೋಡಿದ. ಮನೆಗೆ ಬಂದು ಅನ್ನ ಉಂಡ. ಕೈ ತೊಳೆದ. ಒಂದೇ ಒಂದು ಸುಳ್ಳೂ ಹೇಳಲಿಲ್ಲ. ಹೆಂಡತಿ ಹೆದರಿ ಅವನ ಹಣೆ ಮುಟ್ಟಿ ನೋಡಿದಳು.

“ಜ್ವರ ಇಲ್ವಲ್ಲ!” ಎಂದು ಕೂಗಿದಳು. “ಏನಾಯ್ತು?”

ಮಗ ಆಗಷ್ಟೇ ಫ್ಯಾಕ್ಟರಿಯಿಂದ ಬಂದಿದ್ದ. “ಮ್ಯಾನೇಜರ್ ಹತ್ರ ಕೈ ಕಾಲು ಹಿಡಿದು ಬಂದಿದೀನಿ,” ಎಂದ. “ಇದೊಂದು ವಾರ ಅವಕಾಶ. ಅಷ್ಟರಲ್ಲಿ ಸರಿಯಾಗ್ಲಿಲ್ಲ ಅಂದ್ರೆ ಮುಗೀತು.”

ಸಾಹುಕಾರ ಕಿಟಕಿಯಿಂದ ವ್ಯಾನನ್ನು ನೋಡಿದ. “ಹಾಕ್ಲಿ ಬಿಡು,” ಎಂದ. “ಅವಳ ಫ್ಯಾನೇ ಹಾಕ್ಲಿ.”

ಫ್ಯಾಕ್ಟರಿಯ ರಜೆಯ ದಿನ ಮನೆಯ ಮುಂದೆ ವ್ಯಾನಿನ ಬಾಯಿ ತೆರೆಯಿತು. ಮಗ ರೇಡಿಯೇಟರಿನ ನೀರು ಬಸಿದು, ಪೈಪು ಕಳಚಿ, ಹಳೆಯ ಫ್ಯಾನಿನ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿದ. ಅವು ತುಕ್ಕಿನಲ್ಲಿ ಬೇರು ಬಿಟ್ಟಿದ್ದವು. ಊರಿನ ಅರ್ಧ ಜನ ಬಂದು ಹಗ್ಗ ಕಟ್ಟಿ ಎಳೆದರು ಎಂದು ಸಾಹುಕಾರ ಆಮೇಲೆ ಹೇಳಿಕೊಂಡ. ನಿಜವಾಗಿ ಸೊಸೆ ಸೀಮೆಎಣ್ಣೆ ಬಿಟ್ಟು, ಒಂದು ಲೋಟ ಚಹಾ ಕುಡಿದು ಬಂದು, ಸ್ಪ್ಯಾನರಿನ ತುದಿಗೆ ಉದ್ದನೆಯ ಕೊಳವೆ ಸಿಕ್ಕಿಸಿ ಅದುಮಿದಳು. ‘ಟಕ್’ ಎಂದು ಬಿಟ್ಟುಕೊಟ್ಟವು. ಬೆಲ್ಟು ಅಲ್ಲೇ ಉಳಿಯಿತು, ನೀರಿನ ಪಂಪಿಗೂ ಡೈನಮೋಗೂ ಅದು ಬೇಕಲ್ಲ. ಫ್ಯಾನು ಮಾತ್ರ ಹೊರಗೆ ಬಂತು.

ಸಾಹುಕಾರ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಗೋಡೆಗೆ ಒರಗಿಸಿಟ್ಟ. ಅದರ ಪಕ್ಕದಲ್ಲೇ ತಾನೂ ಕುಕ್ಕರಗಾಲಲ್ಲಿ ಕೂತ.

ಆಮೇಲಿನದು ನೋಡಬೇಕಾದ ಕೆಲಸ. ಸೊಸೆ ತಗಡು ಕತ್ತರಿಸಿ ಎರಡು ದುಂಡನೆಯ ಕಿಂಡಿಯ ಚೌಕಟ್ಟು ಮಾಡಿದಳು. ಗಾಳಿ ಅಕ್ಕಪಕ್ಕ ಸೋರದ ಹಾಗೆ ಅಂಚಿಗೆ ರಬ್ಬರು ಕೊಟ್ಟಳು. ಎರಡು ಫ್ಯಾನುಗಳನ್ನು ಅದರಲ್ಲಿ ಕೂರಿಸಿ, ಕಾಗದದ ಚೂರು ಹಿಡಿದು, ಗಾಳಿ ಒಳಕ್ಕೆ ಎಳೆಯುತ್ತದೋ ಹೊರಕ್ಕೆ ನೂಕುತ್ತದೋ ನೋಡಿದಳು. ಒಂದು ತಿರುವುಮುರುವಾಗಿತ್ತು. ತಂತಿ ಬದಲಿಸಿದಳು. ರೇಡಿಯೇಟರಿನ ನೆತ್ತಿಯಲ್ಲಿ ಒಂದು ಹಿತ್ತಾಳೆಯ ಗುಬುಟು ಕೂರಿಸಿದಳು. ಅದೇ ಬಿಸಿ ಅರಿಯುವ ಸ್ವಿಚ್ಚು. ಡೈನಮೋ ಈ ಹೊರೆ ಹೊರುತ್ತದೋ ಇಲ್ಲವೋ ಎಂದು ಮೀಟರು ಹಿಡಿದು ನೋಡಿದಳು. ಅಕ್ಕಪಕ್ಕದವರು ಕಾಫಿ ಲೋಟ ಹಿಡಿದು ನಿಂತು ನೋಡಿದರು. ಎದುರುಮನೆಯ ದರ್ಜಿ, “ನನ್ನ ಹೊಲಿಗೆ ಯಂತ್ರದ ಮೋಟಾರೂ ಒಂಚೂರು ನೋಡ್ತೀಯಾ ತಾಯಿ?” ಎಂದ.

“ತಗೊಂಡ್ಬನ್ನಿ,” ಎಂದಳು ತಗಡಿನ ಹಿಂದಿನಿಂದ. “ಮಾವ, ಕೀ ತಿರುಗಿಸ್ತೀರಾ?”

ಸಾಹುಕಾರ ಕೂತೇ ಇದ್ದ.

“ಕೀ ತಿರುಗಿಸ್ಬೇಕಂತೆ!” ಅತ್ತೆಯ ಕೂಗು ಬಿತ್ತು. ಅವನು ಎದ್ದು ಹೋಗಿ ತಿರುಗಿಸಿದ.

ಎಂಜಿನ್ ಹತ್ತಿತು. ಗರ್ಜನೆಯಿಲ್ಲ, ಮೊರೆತವಿಲ್ಲ, ಬಟ್ಟಲಲ್ಲಿ ಕಡಲೆ ಅಲ್ಲಾಡಿಸಿದಂಥ ಸದ್ದು ಅಷ್ಟೆ. ಪಕ್ಕದವರು “ಅಬ್ಬ!” ಎಂದರು. ಸಾಹುಕಾರ ಬಾಗಿಲು ತೆರೆದು ಕೆಳಗಿಳಿದು, ಬಾನೆಟ್ ಮೇಲೆ ಅಂಗೈ ಊರಿ ನಿಂತ. ಬದುಕಿದೆಯೋ ಇಲ್ಲವೋ ಎಂದು ಎದೆ ಮುಟ್ಟಿ ನೋಡುವವರ ಹಾಗೆ.

ಮರುದಿನ ವ್ಯಾನು ಐಸ್ ಹೊತ್ತು ಹೊರಟಿತು. ಮಾರುಕಟ್ಟೆಯ ಬೀದಿಯಲ್ಲಿ ಕುದಿಯಿತು.

ಸಾಹುಕಾರ ಮಧ್ಯಾಹ್ನ ಮನೆಗೆ ಬಂದವನೇ ಕುರ್ಚಿಯ ಮೇಲೆ ಸಿಂಹಾಸನವೇರಿದಂತೆ ಕೂತ. “ನಾನು ಹೇಳ್ಲಿಲ್ವಾ? ನಾನು ಹೇಳ್ಲಿಲ್ವಾ?”

ಮಗ ಹೆಂಡತಿಯ ಮೇಲೆ ಹಾರಿಬಿದ್ದ. “ನಾನು ಮ್ಯಾನೇಜರಿಗೆ ಮಾತು ಕೊಟ್ಟಿದ್ದೆ! ಮೇಜಿನ ಫ್ಯಾನ್ ರಿಪೇರಿ ಬೇರೆ, ಗಾಡಿ ಬೇರೆ ಅಂತ ಗೊತ್ತಾಗ್ಲಿಲ್ವಾ ನಿನಗೆ?”

“ನಿನ್ನೆ ಸಂಜೆ ಇಲ್ಲೇ ಒಂದು ಗಂಟೆ ನಿಲ್ಲಿಸಿ ನೋಡಿದ್ವಲ್ಲ! ಫ್ಯಾನ್ ಹತ್ತಿ ಆರಿ ಮಾಡ್ತಿರ್ಲಿಲ್ವಾ?” ಅವಳ ದನಿ ಆಗಲೂ ಏರಲಿಲ್ಲ. ಮಾವನ ಎದುರು ಹೋಗಿ ನಿಂತಳು. “ಬೀದೀಲಿ ಫ್ಯಾನ್ ಹತ್ಕೊಂಡಿದ್ದು ಕೇಳಿಸ್ತಾ ಮಾವ?”

“ಕೇಳಿಸ್ತಾ ಅಂತಿದಾಳೆ! ಫ್ಯಾನು!” ಎಂದಳು ಅತ್ತೆ.

“ಕೇಳಿಸದೇ ಏನು? ಎರಡು ಸಿಂಹ ಒಟ್ಟಿಗೇ ಗರ್ಜಿಸಿದ ಹಾಗೆ ಕೇಳಿಸ್ತು. ಗರ್ಜಿಸಿದ್ದೇ ಬಂತು, ಗಾಳಿ ಎಲ್ಲಿ?”

ಸೊಸೆ ಹೊರಗೆ ಹೋಗಿ ಆ ಹಿತ್ತಾಳೆಯ ಗುಬುಟನ್ನು ಬಿಚ್ಚಿ ತಂದು, ಒಲೆಯ ಮೇಲೆ ನೀರಿಟ್ಟು, ಪಾತ್ರೆಯಲ್ಲಿ ಇಳಿಬಿಟ್ಟಳು. ಅದರ ತಂತಿಗೆ ಒಂದು ಸಣ್ಣ ಬಲ್ಬು. ಅತ್ತೆ ಅಡುಗೆ ನಿಲ್ಲಿಸಿ ಪಕ್ಕದಲ್ಲಿ ನಿಂತಳು. ನೀರು ಕುದಿ ಬರುವ ಮೊದಲೇ ಬಲ್ಬು ಹತ್ತಿತು. ತಣ್ಣೀರು ಸುರಿದಾಗ ಆರಿತು. ಮತ್ತೆ ಕಾಸಿದರೆ ಮತ್ತೆ ಹತ್ತಿತು.

“ಸರಿಯಾಗೇ ಇದೆಯಲ್ಲೇ!” ಎಂದಳು ಅತ್ತೆ.

“ಹ್ಞೂಂ.” ಸೊಸೆ ಬೆವರು ಒರೆಸಿಕೊಂಡಳು. “ನಾಳೆ ಅಂಗಡಿಗೆ ರಜೆ ಹಾಕಿ ನಾನೇ ಜೊತೇಲಿ ಹೋಗ್ತೀನಿ ಅತ್ತೆ. ಮಾವ ಬೇಡ ಅಂದ್ರೂ ಹೋಗ್ತೀನಿ.”

ಮಾವ ಬೇಡ ಎನ್ನಲಿಲ್ಲ. ಫ್ಯಾಕ್ಟರಿಯ ಗೇಟಿನಿಂದ ಹೊರಟವನು ಬಾಯಿ ಮುಚ್ಚಲೇ ಇಲ್ಲ. ಇದೇ ತಿರುವಿನಲ್ಲಿ ಒಮ್ಮೆ ಬ್ರೇಕು ಹೋದಾಗ ಕಾಲಿನ ಹೆಬ್ಬೆರಳು ರಸ್ತೆಗೆ ಊರಿ ವ್ಯಾನು ನಿಲ್ಲಿಸಿದ್ದು, ಆ ಗುಂಡಿಯಲ್ಲಿ ಈಗಲೂ ಮಳೆನೀರು ನಿಲ್ಲುವುದು, ಅದರಲ್ಲಿ ಬಾತುಕೋಳಿಗಳು ಸಂಸಾರ ಹೂಡಿರುವುದು. ಸೊಸೆ ನಡುನಡುವೆ ಏನಾದರೂ ಕೇಳುವಳು. ಅವನು ಕತೆಯನ್ನು ತುಂಡರಿಸದೆ ಮುಂದುವರಿಸುವನು. ಎರಡು ಸಲ ಪ್ರಯತ್ನಿಸಿ ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು.

ಮಾರುಕಟ್ಟೆ ಬೀದಿಯ ಬಾಯಿಗೆ ಬಂದಾಗ ಅವನು ವ್ಯಾನು ನಿಲ್ಲಿಸಿ ಇಳಿದ. ಹಿಂದೆ ಹೋಗಿ ಕೊಕ್ಕೆಯಿಂದ ಐಸಿನ ತುಂಡು ಒಡೆದು, ಗೋಣಿಯಲ್ಲಿ ಸುತ್ತಿ, ಬಾನೆಟ್ ಎತ್ತಿ, ರೇಡಿಯೇಟರಿನ ನೆತ್ತಿಯ ಮೇಲೆ ಜೋಪಾನವಾಗಿ ಇಟ್ಟ. ಸರಿಯಾಗಿ ಆ ಹಿತ್ತಾಳೆಯ ಗುಬುಟಿನ ಮೇಲೆ.

ಹಿಂದೆಯೇ ಇಳಿದು ಬಂದಿದ್ದ ಸೊಸೆ ಅದನ್ನು ಕಂಡಳು. ಆಮೇಲೆ ನಕ್ಕಳು. ನಗು ತಡೆಯಲಾಗದೆ ಬಂಪರಿಗೆ ಒರಗಿದಳು. ಕೆಳಗೆ ಎಂಜಿನ್ ಕುದಿಯುತ್ತಿದ್ದರೂ ಸ್ವಿಚ್ಚಿನ ತಲೆಯ ಮೇಲೆ ಐಸು ಕೂತಿದೆ. ಪಾಪದ ಸ್ವಿಚ್ಚು, ಎಲ್ಲ ತಣ್ಣಗಿದೆ ಎಂದುಕೊಂಡು ಫ್ಯಾನುಗಳನ್ನು ಮಲಗಿಸಿಬಿಟ್ಟಿದೆ! ಅವಳು ಗೋಣಿಯನ್ನು ಎತ್ತಿ ಚರಂಡಿಗೆ ಎಸೆದು, ಗುಬುಟು ತೋರಿಸಿ, ಕೈಯಾಡಿಸಿ ಬೇಡ ಎಂದಳು. ಕೈಸನ್ನೆ ಅವನಿಗೆ ತಕ್ಷಣ ಅರ್ಥವಾಯಿತು.

ನಗು ನಿಂತ ಮೇಲೆ ಅವಳಿಗೆ ಇನ್ನೊಂದು ಹೊಳೆಯಿತು. ನಿನ್ನೆಯೂ ಗೋಣಿ ಇಟ್ಟಿದ್ದರೆ ಫ್ಯಾನು ತಿರುಗಿರಲು ಸಾಧ್ಯವೇ ಇಲ್ಲ. ಹಾಗಾದರೆ ಎರಡು ಸಿಂಹ ಗರ್ಜಿಸಿದ್ದು ಎಲ್ಲಿ? ಬುರುಡೆ, ಎಂದುಕೊಂಡು ಬಾನೆಟ್ ಮುಚ್ಚಿದಳು.

ಆ ದಿನ ಬೀದಿ ಎಂದಿಗಿಂತ ಹೆಚ್ಚು ಗಿಜಿಗುಡುತ್ತಿತ್ತು. ವ್ಯಾನು ತೆವಳಿತು, ನಿಂತಿತು, ತೆವಳಿತು. ಅರ್ಧ ಬೀದಿ ದಾಟಿದಾಗ ಮುಂದಿನಿಂದ ‘ಗುಂಯ್’ ಎಂದು ಏರಿದ ಸದ್ದು, ಬಾನೆಟಿನಡಿಯಿಂದ ಬಿಸಿಗಾಳಿ. ಸೊಸೆ ಕಣ್ಣು ಮುಚ್ಚಿ ಕೇಳಿದಳು. ಎರಡೂ ಒಂದೇ ಶ್ರುತಿಯಲ್ಲಿದ್ದವು. ಸ್ವಲ್ಪ ಹೊತ್ತಿಗೆ ಆರಿದವು, ಮತ್ತೆ ಹತ್ತಿದವು. ಹಬೆಯಿಲ್ಲ, ವಾಸನೆಯಿಲ್ಲ. ದೊಡ್ಡಕ್ಕನ ಕಟ್ಟೆಯ ಮುಂದೆ ವ್ಯಾನು ನಿಂತು ಹಿಂಬಾಗಿಲು ತೆರೆದಾಗ, ಐಸ್ ಗಡ್ಡೆಗಳು ಫ್ಯಾಕ್ಟರಿಯಲ್ಲಿ ಮಲಗಿಸಿದ ಹಾಗೇ ಅಂಚು ಕೂಡ ಮಾಸದೆ ಮಲಗಿದ್ದವು.

ದೊಡ್ಡಕ್ಕ ಹೊಟ್ಟು ಕೆರೆದು, ಗಡ್ಡೆಗೆ ಬೆರಳಿಂದ ತಟ್ಟಿ, ಸೊಂಟದ ಮೇಲೆ ಕೈಯಿಟ್ಟಳು. “ಏನ್ ಸಾಹುಕಾರ! ಇವತ್ತು ಐಸ್ ತಂದಿದೀಯ, ಕೆರೆ ತಂದಿಲ್ಲ!” ಮೀನು ಕೂಗಿ ಮಾರುವವಳ ಗಂಟಲು, ಇಡೀ ಮಾರುಕಟ್ಟೆ ತಿರುಗಿ ನೋಡಿತು. “ಹೀಗೇ ಬರ್ತಿದ್ರೆ ನಾನ್ಯಾಕೆ ಫ್ಯಾಕ್ಟರಿ ಬಾಗಿಲು ಒದೀಲಿ? ಏನ್ ಮಾಡ್ದೆ ಗಾಡಿಗೆ?”

ಜನ ಸೇರಿದರು. ಸಾಹುಕಾರ ಅಷ್ಟು ದಿನಗಳ ಹಸಿವು ತೀರಿಸಿಕೊಳ್ಳುವವನಂತೆ ಎದೆ ಉಬ್ಬಿಸಿದ. ವ್ಯಾನಿಗೆ ಬೆನ್ನು ಕೊಟ್ಟು ನಿಂತು ಶುರುಮಾಡಿದ.

“ಕರೆಂಟ್ ಫ್ಯಾನ್! ನನ್ನ ಸ್ವಂತ ತಲೆ. ಮೋಟಾರು ನಾನೇ ಸುತ್ತಿದೆ, ಕತ್ತಲೆ ಕೋಣೇಲಿ, ಒಂದೇ ಕೈಯಲ್ಲಿ. ವಿಮಾನದ ಕಂಪನಿಯೋರು ಬಂದು ಬಾಗಿಲಲ್ಲಿ ಕೂತಿದಾರೆ, ನಮಗೂ ಒಂದು ಮಾಡ್ಕೊಡಿ ಅಂತ.”

ಐಸಿನ ಕೊಕ್ಕೆ ಹಿಡಿದು ಹಿಂದೆ ನಿಂತಿದ್ದ ಸೊಸೆ ಹುಬ್ಬೇರಿಸಿದಳು. ಎಂಜಿನ್ ಆರಿಸಿದ್ದರೂ ನೀರು ಇನ್ನೂ ಬಿಸಿಯಿತ್ತು. ಬಾನೆಟಿನಡಿ ಎರಡೂ ಫ್ಯಾನುಗಳು ಗುಂಯ್‌ಗುಡುತ್ತಲೇ ಇದ್ದವು.

“ಹಂಗಾರೆ ಅದು ಈಗ ತಿರುಗ್ತಿದ್ಯಾ, ನಿಂತಿದ್ಯಾ?” ದೊಡ್ಡಕ್ಕ ಕಣ್ಣು ಮಿಟುಕಿಸಿ ಕೇಳಿದಳು.

“ನಿಂತಿದೆ,” ಎಂದ ಸಾಹುಕಾರ. “ನಾಯಿಮರಿ ಹಾಗೆ ಮಲಗಿದೆ. ನಾನು ಚಿಟಿಕೆ ಹೊಡೆದರೇನೇ ಏಳೋದು.”

ಗುಂಪು ಗೊಳ್ಳೆಂದಿತು. ಫ್ಯಾನು ಅವನ ಬೆನ್ನ ಹಿಂದೆಯೇ ಜೇನುಗೂಡಿನ ಹಾಗೆ ಹಾಡುತ್ತಿತ್ತಲ್ಲ! ಇದೂ ಅವನದೊಂದು ತಮಾಷೆ ಎಂದುಕೊಂಡು ನಕ್ಕರು. ನಗುವಿನ ನಡುವೆ ನೀರು ತಣಿದು ಫ್ಯಾನು ತಾನಾಗಿ ನಿಂತಿತು. ಸಾಹುಕಾರ ಕೈ ಮೇಲೆತ್ತಿ ಚಿಟಿಕೆ ಹೊಡೆದ.

“ಎದ್ದಿತು ನೋಡಿ! ಕೇಳಿ, ಕೇಳಿ ಆ ಸದ್ದು!”

ಯಾರಿಗೂ ಏನೂ ಕೇಳಲಿಲ್ಲ. ಒಬ್ಬಿಬ್ಬರು ಮತ್ತೆ ನಕ್ಕರು. ಅವನು ಕಣ್ಣರಳಿಸಿ, ತಲೆದೂಗುತ್ತ, ಇಲ್ಲದ ಸದ್ದಿಗೆ ಬೆರಳಿನಿಂದ ತಾಳ ಹಾಕುತ್ತಿದ್ದ. ನಗು ಒಂದೊಂದೇ ಬಾಯಲ್ಲಿ ಆರಿತು. ದೊಡ್ಡಕ್ಕ ಸೊಸೆಯ ಕಡೆ ನೋಡಿದಳು.

“ಮಾವ,” ಎಂದಳು ಸೊಸೆ ಅವನ ಹಿಂದಿನಿಂದ, ಎಂದಿನ ದನಿಯಲ್ಲಿ.

ಅವನು ತಿರುಗಲಿಲ್ಲ.

“ಮಾವ.”

ಅವನು ದೊಡ್ಡಕ್ಕನಿಗೆ ವಿಮಾನದ ಕಂಪನಿಯವರ ಟೋಪಿ ಹೇಗಿತ್ತೆಂದು ಹೇಳುತ್ತಿದ್ದ. ಸೊಸೆ ಕೊಕ್ಕೆಯನ್ನು ಕೆಳಗಿಟ್ಟು, ಸುತ್ತು ಹಾಕಿ ಬಂದು, ಅವನ ಮುಖದ ಎದುರು ನಿಂತಳು. ಅವನ ಮಾತು ನಿಂತಿತು. ಸುತ್ತಲಿನ ಮುಖಗಳನ್ನು ನೋಡಿದ. ಎತ್ತಿದ ಕೈ ನಿಧಾನವಾಗಿ ಇಳಿಯಿತು.

“ತಿರುಗ್ತಿಲ್ವಾ?” ಎಂದು ಕೇಳಿದ.

ಅವಳು ಇಲ್ಲವೆಂದು ತಲೆಯಾಡಿಸಿದಳು.

“ಆಗ?”

“ಆಗ ತಿರುಗ್ತಿತ್ತು ಮಾವ.” ಅವಳು ಗಂಟಲೆತ್ತಿ, ಜೀವನದಲ್ಲಿ ಮೊದಲ ಸಲ ಎಂಬಂತೆ ಜೋರಾಗಿ ಹೇಳಿದಳು. ದನಿ ಒಡೆಯಿತು. “ಎಷ್ಟು ದಿನದಿಂದ ಕೇಳಿಸ್ತಿಲ್ಲ ನಿಮಗೆ?”

ಸಾಹುಕಾರ ವ್ಯಾನಿನ ಮೆಟ್ಟಿಲ ಮೇಲೆ ಕೂತ. ಜೇಬಿನಿಂದ ಕೀ ತೆಗೆದು ಅಂಗೈಯಲ್ಲಿ ಹೊರಳಿಸಿದ.

“ಕೆಲವು ವರ್ಷ ಆಯ್ತು,” ಎಂದ. “ಮೊದಲು ಹಕ್ಕಿ ಸದ್ದು ಹೋಯ್ತು. ಆಮೇಲೆ ಮೆತ್ತಗೆ ಮಾತಾಡೋರದ್ದು. ಹಳೇ ಫ್ಯಾನ್ ಇದ್ದಾಗ ಗಾಡೀಲಿ ಎಲ್ಲರೂ ಕೂಗೇ ಮಾತಾಡ್ತಿದ್ರು, ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಅದರ ಸದ್ದು ಮೈಗೇ ತಟ್ತಿತ್ತು, ಅದರ ಮೇಲೇ ಗೇರ್ ಹಾಕ್ತಿದ್ದೆ. ಮನೇಲಿ ನಿಮ್ಮತ್ತೆ ಕೂಗ್ತಾಳೆ, ಮಗ ಕೂಗ್ತಾನೆ. ಇನ್ನುಳಿದ ಹೊತ್ತು ನಾನೇ ಮಾತಾಡ್ತಾ ಇದ್ರೆ ಮುಗೀತಲ್ಲ, ಕೇಳಿಸ್ಕೊಳ್ಳೋ ಕೆಲಸ ಇರಲ್ಲ.”

“ನಾನು... ನನ್ನ ಮೇಲೆ ತಾತ್ಸಾರ ಅಂದ್ಕೊಂಡಿದ್ದೆ,” ಎಂದಳು ಸೊಸೆ. ಜೋರಾಗಿ ಹೇಳಲು ಮರೆತಿದ್ದಳು. ಆದರೂ ಅವಳ ತುಟಿಯನ್ನೇ ನೋಡುತ್ತಿದ್ದ ಅವನಿಗೆ ಏನೋ ಅರ್ಥವಾಯಿತು.

“ನೀನು ನಮ್ಮನೆಗೆ ಬಂದು ಇಷ್ಟು ದಿನ ಆಯ್ತು. ನಿನ್ನ ದನಿ ಹೇಗಿದೆ ಅಂತಾನೇ ನನಗೆ ಗೊತ್ತಿಲ್ಲಮ್ಮ.” ಸಾಹುಕಾರ ದೊಡ್ಡಕ್ಕನ ಕಡೆ ತಿರುಗಿದ. “ಫ್ಯಾನು ಮಾಡಿದ್ದು ನಾನಲ್ಲ. ಇವಳು. ಸುಟ್ಟಿದ್ದ ಮೋಟಾರನ್ನ ಊಟದ ಮೇಜಿನ ಮೇಲೆ ಸುತ್ತಿದ್ಲು. ನಿನ್ನೆ ಕುದ್ದಿದ್ದು ನನ್ನಿಂದ, ಸ್ವಿಚ್ಚಿನ ಮೇಲೆ ನಾನೇ ಐಸ್ ಇಟ್ಟಿದ್ದೆ. ವಿಮಾನದೋರು ಯಾರೂ ಬಂದಿಲ್ಲ.” ಸ್ವಲ್ಪ ತಡೆದು ಸೇರಿಸಿದ: “ಕಿವಿ ವಿಷಯ ಗೊತ್ತಾದ್ರೆ ಕೀ ಕಿತ್ಕೋತಾರೆ ಅಂತ ಹೆದರಿದ್ದೆ.”

ಅವನು ಕೀಯನ್ನು ಸೊಸೆಯ ಕಡೆ ಚಾಚಿದ. ಅವಳು ತೆಗೆದುಕೊಂಡಳು. ತೆಗೆದುಕೊಂಡು, ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. ಬಿಸಿ ಆರುತ್ತಿದ್ದ ವ್ಯಾನು ಇಬ್ಬರ ಬೆನ್ನಿಗೂ ಒರಗು ಕೊಟ್ಟಿತ್ತು. ಅವಳು ಬಾಗಿ, ತನ್ನ ಹತ್ತಿಯಂಥ ದನಿಯಲ್ಲೇ ಹೇಳಿದಳು: “ಕಿವಿ ಡಾಕ್ಟರ ಹತ್ರ ಹೋಗಿ ಬರೋ ತನಕ ನಾನು ಓಡಿಸ್ತೀನಿ, ನೀವು ಪಕ್ಕ ಕೂತು ದಾರಿ ಹೇಳಿ. ಆಮೇಲೆ ಫ್ಯಾನ್ ತಿರುಗಿದಾಗ ಹತ್ತೋ ಹಾಗೆ ಮುಂದೆ ಒಂದು ಸಣ್ಣ ಬಲ್ಬ್ ಹಾಕ್ಕೊಡ್ತೀನಿ, ಕಣ್ಣಲ್ಲೇ ನೋಡ್ಕೋಬಹುದು.”

ಸಾಹುಕಾರ ಎಂದಿನಂತೆ ತಲೆಯಾಡಿಸಿ “ಹೌದೌದು” ಎನ್ನಲು ಬಾಯಿ ತೆರೆದ. ಮುಚ್ಚಿದ. ಕಿವಿಯ ಹಿಂದೆ ಅಂಗೈ ಬಟ್ಟಲು ಮಾಡಿ ಹಿಡಿದು ಅವಳ ಕಡೆ ವಾಲಿದ.

“ಕೇಳಿಸ್ಲಿಲ್ಲಮ್ಮ,” ಎಂದ. “ಇನ್ನೊಂದು ಸಲ ಹೇಳು. ಜೋರಾಗಿ ಹೇಳು.”